ಬೆಟ್ಟದಪುರದ ಬೆಟ್ಟವೂ ಆಕಾಶದ ಗಡಿಯಾರಗಳೂ

ಮುಂಗಾರಿಗೆ ಮುಂಚಿನ ಸಂಜೆಗಳಲ್ಲಿ ಬೆಟ್ಟದಪುರದ ಬೆಟ್ಟದ ನೆತ್ತಿಯಲ್ಲಿ ಮಿಂಚು ಹೊಳೆಯುವುದನ್ನು ಪಿರಿಯಾಪಟ್ಟಣ ಸೀಮೆಯವರೆಲ್ಲರೂ ಕಂಡಿರುತ್ತಾರೆ. ಬೆಟ್ಟದ ತುದಿಯ ದೇವರಿಗೆ ಸಿಡಿಲು ಮಲ್ಲಿಕಾರ್ಜುನನೆಂದೇ ಹೆಸರು. ಮಿಂಚು ಕಂಡೊಡನೆ ಸೆಕೆಂಡುಗಳನ್ನು ಎಣಿಸತೊಡಗಿ, ಗುಡುಗು ಕೇಳಿದೊಡನೆ ನಿಲ್ಲಿಸಿ, ಬಂದ ಸಂಖ್ಯೆಯನ್ನು ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರು ದೂರದಲ್ಲಿ ಎರಗಿತೆಂಬುದು ಸುಮಾರಾಗಿ ತಿಳಿಯುತ್ತದೆ. ಶಬ್ದವು ಒಂದು ಸೆಕೆಂಡಿನಲ್ಲಿ ಸುಮಾರು ೩೪೦ ಮೀಟರು ದೂರ ಚಲಿಸುವುದೇ ಇದಕ್ಕೆ ಕಾರಣ. ಇಲ್ಲಿ ನಾವು ಅಳತೆಪಟ್ಟಿಯನ್ನು ಹಿಡಿಯಲಿಲ್ಲ, ಹೆಜ್ಜೆಯನ್ನೂ ಇಡಲಿಲ್ಲ; ಕಾಲವನ್ನು ಅಳೆದು ದೂರವನ್ನು ತಿಳಿದೆವು.

ಇಂದು ಬಹುಮಂದಿಯ ಜೇಬಿನಲ್ಲಿರುವ ಫೋನು ತಾನಿರುವ ಸ್ಥಳವನ್ನು ಕಂಡುಕೊಳ್ಳುವುದೂ ಇದೇ ಉಪಾಯದಿಂದ. ಅದರೊಳಗೆ ಕೃತಕ ಉಪಗ್ರಹಗಳ ಸಂಕೇತಗಳನ್ನು ಹಿಡಿಯುವ ರಿಸೀವರ್, ಅಂದರೆ ಗ್ರಾಹಕಯಂತ್ರವೊಂದು ಅಡಗಿದೆ. ಅಂತಹ ಬಿಡಿ ಗ್ರಾಹಕಗಳು ಬೆಂಕಿಪೆಟ್ಟಿಗೆಗಿಂತ ಚಿಕ್ಕ ಗಾತ್ರದಲ್ಲಿ, ವಿದ್ಯಾರ್ಥಿಗಳ ಕೈಗೆಟಕುವ ಬೆಲೆಯಲ್ಲಿ ದೊರೆಯುತ್ತವೆ. ಇವುಗಳನ್ನು ಹಿಡಿದು ನಮ್ಮ ವಿದ್ಯಾರ್ಥಿಗಳೊಡನೆ ಬಯಲಿನಲ್ಲಿ ಮಾಡಿದ ಮೂರು ಪ್ರಯೋಗಗಳನ್ನು ಇಲ್ಲಿ ವಿವರಿಸುತ್ತೇವೆ. ಅವುಗಳಲ್ಲಿ ಒಂದು, ಎರಡು ಮನೆಗಳ ನಡುವೆ ಜಗಳವನ್ನು ಹುಟ್ಟಿಸುವುದರಲ್ಲಿತ್ತು; ಇನ್ನೊಂದು, ಇಡೀ ಬೆಟ್ಟವನ್ನೇ ತೊಂಬತ್ತು ಮೀಟರಿನಷ್ಟು ಕುಗ್ಗಿಸಿಬಿಟ್ಟಿತು.

ಗ್ರಾಹಕವು ಸ್ಥಾನವನ್ನು ತಿಳಿಯುವ ಬಗೆ

ಅಮೆರಿಕದವರ ಜಿ.ಪಿ.ಎಸ್. ಏರ್ಪಾಡಿನ ಮೊದಲ ಉಪಗ್ರಹವು ಮೇಲೇರಿದುದು ೧೯೭೮ರಲ್ಲಿ; ಏರ್ಪಾಡು ಪೂರ್ಣವಾದುದು ೧೯೯೫ರಲ್ಲಿ. ಆ ಉಪಗ್ರಹಗಳು ಭೂಮಿಯಿಂದ ಸುಮಾರು ೨೦,೨೦೦ ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತಿವೆ. ಪ್ರತಿಯೊಂದರಲ್ಲಿಯೂ ಪರಮಾಣು ಗಡಿಯಾರಗಳಿವೆ. "ನಾನು ಇಂತಹ ಸ್ಥಾನದಲ್ಲಿದ್ದೇನೆ, ಈಗ ನನ್ನಲ್ಲಿ ಇಷ್ಟು ಗಂಟೆ" ಎಂದು ಪ್ರತಿಯೊಂದು ಉಪಗ್ರಹವೂ ರೇಡಿಯೋ ಅಲೆಗಳ ಮೂಲಕ ಸಾರುತ್ತಲೇ ಇರುತ್ತದೆ. ಸಂಕೇತ ಹೊರಟ ಕಾಲವನ್ನು ಅದು ತಲುಪಿದ ಕಾಲದಿಂದ ಕಳೆದರೆ ಪ್ರಯಾಣಕ್ಕೆ ಹಿಡಿದ ಕಾಲವು ದೊರೆಯುತ್ತದೆ. ಅದನ್ನು ಬೆಳಕಿನ ವೇಗದಿಂದ ಗುಣಿಸಿದರೆ ಉಪಗ್ರಹದ ದೂರ ದೊರೆಯುತ್ತದೆ. ಉಪಗ್ರಹವು ನೆತ್ತಿಯ ಮೇಲೆಯೇ ಇದ್ದರೆ ಸಂಕೇತವು ನಮ್ಮನ್ನು ತಲುಪಲು ಒಂದು ಸೆಕೆಂಡಿನ ಸುಮಾರು ಹದಿನೈದನೆಯ ಒಂದು ಭಾಗವಷ್ಟೇ ಬೇಕಾಗುತ್ತದೆ.

ಗುಡುಗಿನ ಲೆಕ್ಕದಲ್ಲಿ ಅರ್ಧ ಸೆಕೆಂಡು ತಪ್ಪಿದರೆ ದೂರದಲ್ಲಿ ೧೭೦ ಮೀಟರು ತಪ್ಪುತ್ತದೆ. ಬೆಳಕಿನ ಲೆಕ್ಕದಲ್ಲಾದರೋ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೂ ೩೦೦ ಮೀಟರು ತಪ್ಪುತ್ತದೆ. ಹೀಗಿರುವಾಗ ನಮ್ಮ ಫೋನಿನ ಅಗ್ಗದ ಗಡಿಯಾರವನ್ನು ನಂಬುವುದು ಹೇಗೆ? ಇದಕ್ಕೆ ಒಂದು ಜಾಣತನದ ಉಪಾಯವುಂಟು. ತಿಳಿಯಬೇಕಾದ ಸಂಖ್ಯೆಗಳು ಅಕ್ಷಾಂಶ, ರೇಖಾಂಶ, ಎತ್ತರ ಎಂಬ ಮೂರು. ನಮ್ಮ ಗಡಿಯಾರದ ತಪ್ಪನ್ನು ನಾಲ್ಕನೆಯ ಅಜ್ಞಾತವೆಂದು ಎಣಿಸಿ, ನಾಲ್ಕು ಉಪಗ್ರಹಗಳಿಂದ ನಾಲ್ಕು ಸಮೀಕರಣಗಳನ್ನು ಪಡೆದು ಬಿಡಿಸಿದರೆ ನಾಲ್ಕೂ ಒಟ್ಟಿಗೆ ದೊರೆಯುತ್ತವೆ. ತಪ್ಪನ್ನು ಮುಚ್ಚಿಡದೆ ಲೆಕ್ಕದೊಳಕ್ಕೇ ತಂದುಕೊಳ್ಳುವ ಈ ಕ್ರಮವನ್ನು ಓದುಗರು ನೆನಪಿನಲ್ಲಿಟ್ಟಿರಬೇಕು. ಮುಂದೆ ಇದು ನಮಗೆ ಬೇಕಾಗುತ್ತದೆ.

ಉಪಗ್ರಹಗಳ ಗಡಿಯಾರಗಳಿಗಾದರೂ ತಿದ್ದುಪಡಿ ಬೇಡವೆಂದಲ್ಲ. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಅವು ನೆಲದ ಗಡಿಯಾರಗಳಿಗಿಂತ ದಿನಕ್ಕೆ ಸುಮಾರು ೩೮ ಮೈಕ್ರೋಸೆಕೆಂಡುಗಳಷ್ಟು ಮುಂದೆ ಓಡುತ್ತವೆ. ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಒಂದೇ ದಿನದಲ್ಲಿ ದೂರದ ಲೆಕ್ಕವು ಸುಮಾರು ಹನ್ನೊಂದು ಕಿಲೋಮೀಟರಿನಷ್ಟು ಕೆಟ್ಟುಹೋಗುತ್ತದೆ.

ನಮ್ಮ ದೇಶದ ನಾವಿಕ್ ಏರ್ಪಾಡಿನ ಮೊದಲ ಏಳು ಉಪಗ್ರಹಗಳನ್ನು ೨೦೧೩ರಿಂದ ೨೦೧೬ರ ವರೆಗೆ ಹಾರಿಸಲಾಯಿತು. ಇದರ ಕಾಲಗಣನೆಯ ಕೆಲಸಕ್ಕೆ ಬೆಂಗಳೂರಿನ ಸಮೀಪದ ಬ್ಯಾಲಾಳಿನಲ್ಲಿ ಒಂದು ಕೇಂದ್ರವು ೨೦೧೩ರಲ್ಲಿ ಆರಂಭವಾಯಿತು. ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರವು ನಮ್ಮ ನೆರೆಯ ಹಾಸನದಲ್ಲಿದೆ. ಮೊದಲನೆಯ ಉಪಗ್ರಹದ ಮೂರು ಪರಮಾಣು ಗಡಿಯಾರಗಳೂ ಕೆಟ್ಟುಹೋದಾಗ, ಉಳಿದೆಲ್ಲವೂ ಸರಿಯಾಗಿದ್ದರೂ ಅದು ಸ್ಥಾನ ತಿಳಿಸುವ ಕೆಲಸಕ್ಕೆ ಬಾರದಂತಾಯಿತು. ೨೦೨೩ರ ಮೇ ೨೯ರಂದು ಹಾರಿದ ಎನ್.ವಿ.ಎಸ್.-೦೧ ಉಪಗ್ರಹದಲ್ಲಿ ಭಾರತದಲ್ಲಿಯೇ ಸಿದ್ಧವಾದ ರುಬಿಡಿಯಂ ಗಡಿಯಾರವಿತ್ತು. ಒಟ್ಟಿನಲ್ಲಿ ಇದು ಗಡಿಯಾರದ ವಿದ್ಯೆ.

ಇದನ್ನು ಹವ್ಯಾಸವಾಗಿ ಬಳಸುವುದಕ್ಕೂ ಒಂದು ಇತಿಹಾಸವುಂಟು. ೨೦೦೦ದ ಮೇ ೨ರ ವರೆಗೆ ಅಮೆರಿಕ ಸರ್ಕಾರವು ಸಾರ್ವಜನಿಕರಿಗೆ ದೊರೆಯುವ ಸಂಕೇತದಲ್ಲಿ ಬೇಕೆಂದೇ ತಪ್ಪನ್ನು ಬೆರೆಸುತ್ತಿತ್ತು. ಅದನ್ನು ನಿಲ್ಲಿಸಿದ ಮರುದಿನವೇ ಆರೆಗನ್ ಸಂಸ್ಥಾನದಲ್ಲಿ ಹವ್ಯಾಸಿಯೊಬ್ಬರು ಕೆಲವು ಪದಾರ್ಥಗಳನ್ನು ಬಕೆಟ್ಟಿನಲ್ಲಿಟ್ಟು, ಅದನ್ನು ಅಡಗಿಸಿದ ಜಾಗದ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿ, ಹುಡುಕಿರೆಂದು ಇತರರಿಗೆ ಸವಾಲು ಹಾಕಿದರು. ಆ ಆಟವು ಇಂದು ಲೋಕದ ನಾನಾ ದೇಶಗಳಲ್ಲಿ ನಡೆಯುತ್ತಿದೆ. ನಮ್ಮ ಪ್ರಯೋಗಗಳೂ ಒಂದು ಬಗೆಯ ಹುಡುಕಾಟವೇ. ಆದರೆ ನಾವು ಹುಡುಕಿದುದು ತಪ್ಪುಗಳನ್ನು.

ಮೊದಲನೆಯ ಪ್ರಯೋಗ: ಕದಲದೆ ಅಳೆಯುವುದು

ಬಿಡಿ ಗ್ರಾಹಕವನ್ನು ಕಂಪ್ಯೂಟರಿಗೆ ಜೋಡಿಸಿದರೆ ಪ್ರತಿ ಸೆಕೆಂಡಿಗೂ ಅಲ್ಪವಿರಾಮಗಳಿಂದ ಬೇರ್ಪಟ್ಟ ಅಂಕಿಗಳ ಸಾಲುಗಳು ಪರದೆಯ ಮೇಲೆ ಮೂಡುತ್ತವೆ. ಅವುಗಳಲ್ಲಿ ಜಿ.ಜಿ.ಎ. ಎಂಬ ಅಕ್ಷರಗಳುಳ್ಳ ಸಾಲನ್ನು ಆರಿಸಿಕೊಳ್ಳಿ. ಆ ಹೆಸರಾದ ಮೇಲೆ ಬರುವ ಮೊದಲನೆಯ ಅಂಕಿಯು ಕಾಲ. ಇದು ಗ್ರೀನಿಚ್ ರೇಖೆಯ ಕಾಲವಾದುದರಿಂದ ನಮ್ಮ ಕಾಲಕ್ಕೆ ಐದೂವರೆ ಗಂಟೆ ಕೂಡಿಸಬೇಕು. ಎರಡನೆಯದು ಅಕ್ಷಾಂಶ. ಇಲ್ಲಿ ಹೊಸಬರು ತಪ್ಪದೆ ಎಡವುತ್ತಾರೆ. ಬೆಟ್ಟದಪುರದಲ್ಲಿ ಈ ಅಂಕಿಯು ೧೨೨೮ ಎಂದು ಆರಂಭವಾಗಿ ದಶಮಾಂಶಗಳಲ್ಲಿ ಮುಂದುವರಿಯುತ್ತದೆ. ಇದರ ಅರ್ಥ ೧೨.೨೮ ಡಿಗ್ರಿ ಎಂದಲ್ಲ, ೧೨ ಡಿಗ್ರಿ ೨೮ ಮಿನಿಟು ಎಂದು. ಹೀಗೆ ತಪ್ಪಾಗಿ ಓದಿದವನು ಸುಮಾರು ಇಪ್ಪತ್ತು ಕಿಲೋಮೀಟರು ದಕ್ಷಿಣಕ್ಕೆ ಹೋಗಿ ನಿಲ್ಲುತ್ತಾನೆ.

ಈಗ ಗ್ರಾಹಕವನ್ನು ಬಯಲಿನಲ್ಲಿ ಒಂದು ಕಲ್ಲಿನ ಮೇಲಿಟ್ಟು, ಕದಲಿಸದೆ, ಮಿನಿಟಿಗೊಮ್ಮೆ ಅಕ್ಷಾಂಶ ರೇಖಾಂಶಗಳನ್ನು ಬರೆದುಕೊಳ್ಳಿ. ನಮ್ಮ ಸೀಮೆಯಲ್ಲಿ ಅಕ್ಷಾಂಶದ ಒಂದು ಸೆಕೆಂಡು, ಎಂದರೆ ಡಿಗ್ರಿಯ ೩,೬೦೦ರಲ್ಲೊಂದು ಭಾಗ, ನೆಲದ ಮೇಲೆ ಸುಮಾರು ೩೦.೭ ಮೀಟರಾಗುತ್ತದೆ, ರೇಖಾಂಶದ ಒಂದು ಸೆಕೆಂಡು ಸುಮಾರು ೩೦.೨ ಮೀಟರು. ಈ ಲೆಕ್ಕದಂತೆ ಒಂದು ಗಂಟೆಯ ಅರವತ್ತು ಬಿಂದುಗಳನ್ನು ಗ್ರಾಫ್ ಕಾಗದದ ಮೇಲೆ ಗುರುತಿಸಿದರೆ ಅವು ಒಂದೇ ಚುಕ್ಕೆಯ ಮೇಲೆ ಬೀಳುವುದಿಲ್ಲ. ಹಲವು ಮೀಟರುಗಳ ಅಗಲಕ್ಕೆ ಚೆದರಿರುತ್ತವೆ. ಕಲ್ಲು ಕದಲಲಿಲ್ಲ, ಗ್ರಾಹಕವೂ ಕದಲಲಿಲ್ಲ. ಕದಲಿದುದು ನಮ್ಮ ಅರಿವು.

ಕಾರಣಗಳು ಹಲವು. ಸಂಕೇತವು ವಾತಾವರಣದ ಮೇಲ್ಪದರದ ಅಯಾನುಗಳ ನಡುವೆ ಹಾದುಬರುವಾಗ ಸ್ವಲ್ಪ ತಡವಾಗುತ್ತದೆ. ಗೋಡೆಗಳಿಗೂ ಬಂಡೆಗಳಿಗೂ ತಾಗಿ ಸುತ್ತಿ ಬರುವ ಅಲೆಗಳು ದೂರವನ್ನು ಹೆಚ್ಚಿಸಿ ತೋರಿಸುತ್ತವೆ. ಅರವತ್ತು ಬಿಂದುಗಳ ಸರಾಸರಿಯನ್ನು ತೆಗೆದರೆ ತಪ್ಪು ಕಡಮೆಯಾಗುವುದು ನಿಜ. ಆದರೆ ಅಯಾನುಮಂಡಲದಿಂದಾಗುವ ತಪ್ಪು ನಿಧಾನವಾಗಿ ಬದಲಾಗುವುದರಿಂದ ಒಂದೇ ಗಂಟೆಯ ಅರವತ್ತು ಓದುಗಳು ಅರವತ್ತು ಸ್ವತಂತ್ರ ಸಾಕ್ಷಿಗಳಲ್ಲ. ಒಬ್ಬನೇ ಸಾಕ್ಷಿಯು ಅರವತ್ತು ಸಲ ನುಡಿದಂತೆ. ಇದೇ ಪ್ರಯೋಗವನ್ನು ಬೇರೆ ದಿನ, ಬೇರೆ ಹೊತ್ತಿನಲ್ಲಿ ಮಾಡಿ, ಬಿಂದುಗಳ ಗುಂಪೇ ಸರಿದಿರುವುದನ್ನು ನೋಡಿರಿ.

ಎರಡನೆಯ ಪ್ರಯೋಗ: ಹೊಲದ ವಿಸ್ತೀರ್ಣ

ಮೇಲಿನ ಪ್ರಯೋಗವನ್ನು ಮಾಡಿದ ಕೆಲವೇ ದಿನಗಳಲ್ಲಿ ನಮ್ಮ ವಿದ್ಯಾರ್ಥಿಯೊಬ್ಬನು ಕಳವಳದಿಂದ ಬಂದನು. ಅವನ ತಂದೆಗೆ ಎರಡು ಎಕರೆ ಹೊಗೆಸೊಪ್ಪಿನ ಹೊಲವುಂಟು. ಪಹಣಿಯಲ್ಲಿಯೂ ಹಾಗೆಯೇ ಇದೆ. ಹುಡುಗನು ಫೋನನ್ನು ಹಿಡಿದು ಬದುವಿನ ಮೇಲೆ ಒಂದು ಸುತ್ತು ನಡೆದನು. ಫೋನು ತೋರಿಸಿದುದು ಒಂದು ಎಕರೆ ಮೂವತ್ತನಾಲ್ಕು ಗುಂಟೆ. ಆರು ಗುಂಟೆ ಎಲ್ಲಿ ಹೋಯಿತು? ಪಕ್ಕದ ಹೊಲದವರು ಬದುವನ್ನು ಒತ್ತಿರಬೇಕೆಂದು ಮನೆಯಲ್ಲಿ ಮಾತು ಹುಟ್ಟಿತು. ಆ ಎರಡು ಮನೆಗಳವರು ಅಲ್ಲಿಯವರೆಗೆ ಸೊಪ್ಪು ಕೀಳುವ ಕಾಲದಲ್ಲಿ ಒಬ್ಬರಿಗೊಬ್ಬರು ಆಳಾಗಿ ದುಡಿಯುತ್ತಿದ್ದವರು.

ನಾವು ಅವನಿಗೆ ಯಾವ ಬುದ್ಧಿವಾದವನ್ನೂ ಹೇಳದೆ ಒಂದು ಲೆಕ್ಕವನ್ನು ಕೊಟ್ಟೆವು. ಒಂದು ಗುಂಟೆಯು ಸುಮಾರು ೧೦೧ ಚದರ ಮೀಟರು. ಎರಡು ಎಕರೆಯ ಹೊಲವು ಚೌಕವಾಗಿದ್ದರೆ ಅದರ ಒಂದು ಪಕ್ಕ ಸುಮಾರು ೯೦ ಮೀಟರು, ಸುತ್ತಳತೆ ೩೬೦ ಮೀಟರು. ಗ್ರಾಹಕವು ಪ್ರತಿ ಪಕ್ಕವನ್ನೂ ಒಂದೊಂದು ಮೀಟರು ಒಳಕ್ಕೆ ತೋರಿಸಿತೆಂದು ಭಾವಿಸೋಣ. ಆಗ ವಿಸ್ತೀರ್ಣದಲ್ಲಿ ಸುಮಾರು ೩೬೦ ಚದರ ಮೀಟರು, ಎಂದರೆ ಮೂರೂವರೆ ಗುಂಟೆ, ಕಡಮೆಯಾಗುತ್ತದೆ. ಆರು ಗುಂಟೆ ಮಾಯವಾಗಲು ಒಂದೂಮುಕ್ಕಾಲು ಮೀಟರಿನ ತಪ್ಪು ಸಾಕು. ಕಲ್ಲಿನ ಮೇಲೆ ಕುಳಿತ ಗ್ರಾಹಕವೇ ಹಲವು ಮೀಟರು ಅಲೆದಾಡಿದುದನ್ನು ಆ ಹುಡುಗನು ಕಣ್ಣಾರೆ ಕಂಡಿದ್ದನಷ್ಟೆ.

ಅವನು ಮತ್ತೆ ಮೂರು ಸಲ, ಬೇರೆಬೇರೆ ಹೊತ್ತಿನಲ್ಲಿ, ಹೊಲವನ್ನು ಸುತ್ತಿದನು. ಒಮ್ಮೆ ಎರಡು ಎಕರೆ ಮೂರು ಗುಂಟೆ ಬಂತು. ಒಮ್ಮೆ ಒಂದು ಎಕರೆ ಮೂವತ್ತೆಂಟು. ಇನ್ನೊಮ್ಮೆ ಒಂದು ಎಕರೆ ಮೂವತ್ತಾರು. ತಂದೆಗೆ ನಾಲ್ಕು ಸಂಖ್ಯೆಗಳನ್ನೂ ಒಟ್ಟಿಗೆ ತೋರಿಸಿದನು. ಬದುವಿನ ಮಾತು ಅಲ್ಲಿಗೆ ನಿಂತಿತು. ಮೊದಲನೆಯ ಸಂಖ್ಯೆಯೊಂದನ್ನೇ ಹಿಡಿದು ಹೊರಟಿದ್ದರೆ ಏನಾಗುತ್ತಿತ್ತೆಂಬುದನ್ನು ಹಳ್ಳಿಯಲ್ಲಿ ಬೆಳೆದ ಓದುಗರಿಗೆ ನಾವು ವಿವರಿಸಬೇಕಾಗಿಲ್ಲ.

ಹಾಗಾದರೆ ಮೋಜಣಿಯವರು ಉಪಗ್ರಹಗಳ ನೆರವಿನಿಂದಲೇ ಸೆಂಟಿಮೀಟರುಗಳ ನಿಖರತೆಯಲ್ಲಿ ಜಮೀನನ್ನು ಅಳೆಯುವುದು ಹೇಗೆ? ಅವರು ಎರಡು ಗ್ರಾಹಕಗಳನ್ನು ಬಳಸುತ್ತಾರೆ. ಒಂದನ್ನು ಸ್ಥಾನವು ಮೊದಲೇ ಖಚಿತವಾಗಿ ಗೊತ್ತಿರುವ ಗುರುತಿನ ಮೇಲೆ ನಿಲ್ಲಿಸುತ್ತಾರೆ. ಇನ್ನೊಂದನ್ನು ಹೊಲದಲ್ಲಿ ಒಯ್ಯುತ್ತಾರೆ. ಎರಡೂ ಹತ್ತಿರದಲ್ಲಿರುವುದರಿಂದ ಅಯಾನುಮಂಡಲದ ತಪ್ಪು ಎರಡರಲ್ಲಿಯೂ ಬಹುಮಟ್ಟಿಗೆ ಒಂದೇ. ಒಂದರ ಓದನ್ನು ಇನ್ನೊಂದರಿಂದ ಕಳೆದರೆ ಸಮಾನವಾದ ತಪ್ಪು ಹಾರಿಹೋಗುತ್ತದೆ. ಇದರ ಜೊತೆಗೆ, ಸುಮಾರು ೧೯ ಸೆಂಟಿಮೀಟರು ಉದ್ದದ ರೇಡಿಯೋ ಅಲೆಯ ಯಾವ ಹಂತವು ಗ್ರಾಹಕವನ್ನು ತಲುಪಿತೆಂಬುದನ್ನೂ ಆ ಯಂತ್ರಗಳು ಅಳೆಯುತ್ತವೆ. ಸಮಾನವಾದ ತಪ್ಪು ಕಳೆಯುವುದರಿಂದ ಹೋಗುತ್ತದೆ ಎಂಬ ಈ ಸೂತ್ರವನ್ನು ಕೈಯಲ್ಲಿ ಹಿಡಿದು ಈಗ ಬೆಟ್ಟವನ್ನು ಹತ್ತೋಣ.

ಮೂರನೆಯ ಪ್ರಯೋಗ: ಬೆಟ್ಟದ ಎತ್ತರ

ಬೆಟ್ಟದಪುರದ ಬೆಟ್ಟದ ಎತ್ತರವು ಸಮುದ್ರಮಟ್ಟದಿಂದ ೪,೩೮೯ ಅಡಿಯೆಂದು ಹಳೆಯ ಗ್ಯಾಸೆಟಿಯರು ಹೇಳುತ್ತದೆ. ಇದು ೧,೩೩೮ ಮೀಟರಿಗೆ ಸಮ. ಇಂತಹ ಅಳತೆಗಳ ಹಿಂದೆ ಎಷ್ಟು ಶ್ರಮವಿತ್ತೆಂಬುದನ್ನು ನೆನೆಯಬೇಕು. ವಿಲಿಯಂ ಲ್ಯಾಂಬ್ಟನ್ನನು ೧೮೦೦ರಲ್ಲಿ ಬೆಂಗಳೂರಿನ ಬಳಿ ನೂರು ಅಡಿಯ ಉಕ್ಕಿನ ಸರಪಣಿಯಿಂದ ಒಂದು ಆಧಾರರೇಖೆಯನ್ನು ಅಳೆದು, ಅಲ್ಲಿಂದ ಎತ್ತರವಾದ ಸ್ಥಳಗಳ ನಡುವೆ ತ್ರಿಕೋನಗಳನ್ನು ಹೆಣೆಯುತ್ತ ಹೋದನು. ಆ ಪರಂಪರೆಯ ಮೋಜಣಿದಾರರು ಭಾರವಾದ ಥಿಯೋಡೊಲೈಟುಗಳನ್ನು ಬೆಟ್ಟಗಳ ತುದಿಗೆ ಹೊರಿಸಿಕೊಂಡು ಹೋಗಿ ಕೋನಗಳನ್ನು ಅಳೆದರು. ನಮ್ಮ ವಿದ್ಯಾರ್ಥಿಗಳು ಅಂಗೈಯಲ್ಲಿ ಅಡಗುವ ಯಂತ್ರಗಳೊಡನೆ, ಚಳಿಗಾಲದ ಒಂದು ಮುಂಜಾನೆ, ಮೆಟ್ಟಿಲುಗಳನ್ನು ಹತ್ತಿದರು.

ತುದಿಯನ್ನು ಸೇರಿ ಓದಿದಾಗ ಗೊಂದಲವಾಯಿತು. ಬಿಡಿ ಗ್ರಾಹಕವು ತೋರಿಸಿದ ಎತ್ತರವು ಗ್ಯಾಸೆಟಿಯರಿನ ಅಂಕಿಗೆ ಕೆಲವು ಮೀಟರುಗಳಷ್ಟೇ ಹೆಚ್ಚುಕಡಮೆಯಾಗಿತ್ತು. ವಿದ್ಯಾರ್ಥಿನಿಯೊಬ್ಬಳ ಫೋನು ಮಾತ್ರ ಸುಮಾರು ೧,೨೫೦ ಮೀಟರು ಎಂದಿತು. ಉಪಗ್ರಹಗಳಿಂದ ಅಳೆದ ಎತ್ತರದಲ್ಲಿ ತಪ್ಪು ಸ್ವಲ್ಪ ಹೆಚ್ಚಾಗಿರುವುದು ಸಹಜ. ಏಕೆಂದರೆ ಉಪಗ್ರಹಗಳೆಲ್ಲವೂ ನಮ್ಮ ಮೇಲುಗಡೆಯೇ ಇವೆ, ಪಾದದ ಕೆಳಗಿನಿಂದ ಸಾಕ್ಷಿ ನುಡಿಯಲು ಯಾವುದೂ ಇಲ್ಲ. ಆದರೆ ತೊಂಬತ್ತು ಮೀಟರಿನ ತಪ್ಪು? ಫೋನು ಕೆಟ್ಟಿದೆಯೆಂದು ಕೆಲವರು ನಕ್ಕರು. ಆಕೆ ಒಪ್ಪಲಿಲ್ಲ. ಹತ್ತುವ ಮುನ್ನ ಬೆಟ್ಟದ ಬುಡದಲ್ಲಿಯೂ ಎರಡು ಯಂತ್ರಗಳ ಓದುಗಳನ್ನು ಆಕೆ ಬರೆದುಕೊಂಡಿದ್ದಳು. ತೆಗೆದು ನೋಡಿದರೆ ಅಲ್ಲಿಯೂ ಅದೇ ತೊಂಬತ್ತು ಮೀಟರಿನ ಅಂತರ! ಬುಡದ ಅಂಕಿಯನ್ನು ತುದಿಯ ಅಂಕಿಯಿಂದ ಕಳೆದಾಗ ಎರಡು ಯಂತ್ರಗಳೂ ಕೆಲವು ಮೀಟರುಗಳೊಳಗೆ ಒಂದೇ ಉತ್ತರವನ್ನು ಕೊಟ್ಟವು. ಮತ್ತೊಬ್ಬನ ಫೋನಿನಲ್ಲಿ ವಾಯುಭಾರಮಾಪಕವಿತ್ತು. ಈ ಎತ್ತರದಲ್ಲಿ ಸುಮಾರು ಹತ್ತು ಮೀಟರು ಮೇಲೇರಿದರೆ ವಾಯುಭಾರವು ಒಂದು ಮಿಲಿಬಾರಿನಷ್ಟು ಇಳಿಯುತ್ತದೆ. ಆ ಲೆಕ್ಕದಿಂದ ಬಂದ ಉತ್ತರವೂ ಇದಕ್ಕೆ ಹತ್ತಿರವಾಗಿಯೇ ಇತ್ತು.

ಆದುದರಿಂದ ಫೋನು ಬೆಟ್ಟವನ್ನು ತಪ್ಪಾಗಿ ಅಳೆದಿರಲಿಲ್ಲ. ಎರಡು ಯಂತ್ರಗಳು ಅಳೆಯಲು ಆರಂಭಿಸಿದ ಸೊನ್ನೆಯೇ ಬೇರೆಯಾಗಿತ್ತು.

ಎರಡು ಸೊನ್ನೆಗಳು

ಉಪಗ್ರಹಗಳ ಲೆಕ್ಕಕ್ಕಾಗಿ ಭೂಮಿಯನ್ನು ಧ್ರುವಗಳಲ್ಲಿ ತುಸು ಚಪ್ಪಟೆಯಾದ, ನುಣುಪಾದ ಒಂದು ಗಣಿತಾಕೃತಿಯೆಂದು ಭಾವಿಸುತ್ತಾರೆ. ಅದರ ಸಮಭಾಜಕ ತ್ರಿಜ್ಯವು ೬,೩೭೮.೧ ಕಿಲೋಮೀಟರು, ಧ್ರುವ ತ್ರಿಜ್ಯವು ೬,೩೫೬.೮ ಕಿಲೋಮೀಟರು. ಗ್ರಾಹಕವು ನೇರವಾಗಿ ಕಂಡುಹಿಡಿಯುವುದು ಈ ನುಣುಪಾದ ಮೈಯಿಂದ ತಾನಿರುವ ಎತ್ತರವನ್ನು. ಆದರೆ ಸಮುದ್ರದ ನೀರಿಗೆ ನಮ್ಮ ಗಣಿತವು ತಿಳಿಯದು. ಅದು ಗುರುತ್ವಾಕರ್ಷಣಕ್ಕೆ ಮಾತ್ರ ಮಣಿಯುತ್ತದೆ. ಭೂಗರ್ಭದಲ್ಲಿ ದ್ರವ್ಯವು ಎಲ್ಲೆಡೆಯೂ ಸಮನಾಗಿ ಹರಡಿಲ್ಲ. ದ್ರವ್ಯವು ಹೆಚ್ಚಾಗಿರುವೆಡೆ ಸಮುದ್ರಮಟ್ಟವು ಗಣಿತಾಕೃತಿಗಿಂತ ಉಬ್ಬಿದೆ, ಕಡಮೆಯಿರುವೆಡೆ ತಗ್ಗಿದೆ. ನೆಲದ ಕೆಳಗೂ ಮುಂದುವರಿದಿದೆಯೆಂದು ಭಾವಿಸಿದ ಈ ಸಮುದ್ರಮಟ್ಟಕ್ಕೆ ಜಿಯಾಯ್ಡ್ ಎಂದು ಹೆಸರು.

ಲೋಕದಲ್ಲೆಲ್ಲ ಅತ್ಯಂತ ಆಳವಾದ ತಗ್ಗು ಇರುವುದು ನಮ್ಮ ದಕ್ಷಿಣಕ್ಕೇ, ಶ್ರೀಲಂಕೆಯಾಚೆಯ ಹಿಂದೂ ಮಹಾಸಾಗರದಲ್ಲಿ. ಅಲ್ಲಿ ಸಮುದ್ರಮಟ್ಟವು ಗಣಿತಾಕೃತಿಗಿಂತ ಸುಮಾರು ೧೦೬ ಮೀಟರು ಕೆಳಗಿದೆ. ಆ ತಗ್ಗಿನ ಇಳಿಜಾರಿನಲ್ಲಿಯೇ ದಕ್ಷಿಣ ಭಾರತವೂ ಇದೆ. ನಮ್ಮ ಮೈಸೂರು ಸೀಮೆಯಲ್ಲಿ ಈ ಅಂತರವು ೮೫ರಿಂದ ೯೫ ಮೀಟರು. ಫೋನು ತೋರಿಸಿದುದು ಗಣಿತದ ಮೈಯಿಂದ ಎತ್ತರ. ಗ್ಯಾಸೆಟಿಯರು ಹೇಳುವುದು ಸಮುದ್ರಮಟ್ಟದಿಂದ ಎತ್ತರ. ಮೊದಲನೆಯದಕ್ಕೆ ಸುಮಾರು ತೊಂಬತ್ತನ್ನು ಕೂಡಿಸಿದರೆ ಎರಡನೆಯದು ದೊರೆಯುತ್ತದೆ. ಬಿಡಿ ಗ್ರಾಹಕವು ಈ ಕೂಡುವಿಕೆಯನ್ನು ತಾನೇ ಮಾಡಿ, ಎಷ್ಟು ಕೂಡಿಸಿತೆಂಬುದನ್ನೂ ಹೇಳುತ್ತದೆ. ಜಿ.ಜಿ.ಎ. ಸಾಲಿನ ಒಂಬತ್ತನೆಯ ಅಂಕಿಯು ಸಮುದ್ರಮಟ್ಟದಿಂದ ಎತ್ತರ. ಹನ್ನೊಂದನೆಯದು ಎರಡು ಸೊನ್ನೆಗಳ ನಡುವಣ ಅಂತರ. ನಮ್ಮ ಸೀಮೆಯಲ್ಲಿ ಈ ಹನ್ನೊಂದನೆಯ ಅಂಕಿಯ ಹಿಂದೆ ಋಣಚಿಹ್ನೆಯಿರುತ್ತದೆ.

ಈ ತಗ್ಗು ಏಕೆ ಉಂಟಾಯಿತೆಂಬ ಪ್ರಶ್ನೆಯು ಭೂವಿಜ್ಞಾನಿಗಳನ್ನು ಬಹುಕಾಲ ಕಾಡಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಆತ್ರೇಯಿ ಘೋಷ್ ಅವರು ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭೂಗರ್ಭದ ಆಳದಿಂದ ಮೇಲೆದ್ದ ಬಿಸಿಯಾದ, ಹಗುರವಾದ ಶಿಲಾದ್ರವ್ಯವು ಇದಕ್ಕೆ ಮುಖ್ಯ ಕಾರಣವೆಂದು ಗಣಕದ ಮಾದರಿಗಳಿಂದ ವಾದಿಸಿದ್ದಾರೆ. ಕೈಯಲ್ಲಿರುವ ಫೋನಿನ ಒಂದು 'ತಪ್ಪು' ನಮ್ಮನ್ನು ಭೂಮಿಯ ಒಡಲಿನವರೆಗೆ ಕರೆದೊಯ್ದಿತು.

ಇದು ಬರಿಯ ಪಂಡಿತರ ವಿಷಯವೆಂದು ತಿಳಿಯಬಾರದು. ಹಾರಂಗಿಯ ನಾಲೆಗಳು ನಮ್ಮ ಸೀಮೆಗೆ ನೀರು ತರುತ್ತವೆ. ನೀರು ಹರಿಯುವುದು ಗುರುತ್ವದ ಮಟ್ಟವನ್ನು ಅನುಸರಿಸಿಯೇ ಹೊರತು ಗಣಿತಾಕೃತಿಯನ್ನು ಅನುಸರಿಸಿ ಅಲ್ಲ. ನಾಲೆಯ ಇಳಿಜಾರು ಬಲು ಅಲ್ಪ; ಸೊನ್ನೆಯನ್ನು ತಪ್ಪಾಗಿ ಹಿಡಿದರೆ, ಅಥವಾ ಐದು ಮೀಟರು ತಪ್ಪುವ ಯಂತ್ರವನ್ನು ನಂಬಿದರೆ, ತೋಡಿದ ನಾಲೆಯಲ್ಲಿ ನೀರು ಹಿಂದಕ್ಕೆ ನಿಲ್ಲುತ್ತದೆ. ನಾಲೆ ತೋಡುವವರು ಇಂದಿಗೂ ಮಟ್ಟದ ಯಂತ್ರವನ್ನು ಬಿಡದಿರುವುದು ಇದಕ್ಕಾಗಿಯೇ.

ಓದುಗರಿಗೆ ಕೆಲವು ಸೂಚನೆಗಳು

ಹುಣಸೂರು, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ವಿದ್ಯಾರ್ಥಿಗಳು ತಮ್ಮತಮ್ಮ ಊರಿನ ಗುಡ್ಡವನ್ನೋ ಕೆರೆಯ ಏರಿಯನ್ನೋ ಆರಿಸಿಕೊಂಡು ಈ ಪ್ರಯೋಗಗಳನ್ನು ಮಾಡಬಹುದು. ಪಿರಿಯಾಪಟ್ಟಣದಿಂದ ಬೆಟ್ಟದಪುರವು ಬಹುಮಟ್ಟಿಗೆ ನೇರ ಉತ್ತರಕ್ಕಿದೆ. ಎರಡು ಊರುಗಳ ಅಕ್ಷಾಂಶಗಳನ್ನು ಓದಿ, ನಕ್ಷೆಯಲ್ಲಿ ನೇರ ದೂರವನ್ನು ಅಳೆದು, ಅದರಿಂದ ಭೂಮಿಯ ಸುತ್ತಳತೆಯನ್ನು ಲೆಕ್ಕಹಾಕಿದರೆ ಬಲು ಸಂತೋಷವಾಗುತ್ತದೆ. ಪ್ರತಿ ಓದಿನೊಡನೆ ದಿನಾಂಕ, ಹೊತ್ತು, ಕಂಡ ಉಪಗ್ರಹಗಳ ಸಂಖ್ಯೆ ಇವುಗಳನ್ನು ತಪ್ಪದೆ ಬರೆದಿಡಿ. ಮರದ ಕೆಳಗೂ ಗೋಡೆಯ ಪಕ್ಕದಲ್ಲಿಯೂ ನಿಂತು ಅಳೆಯಬೇಡಿ. ನಾವಿಕ್ ಉಪಗ್ರಹಗಳ ಸಂಕೇತವನ್ನು ಹಿಡಿಯುವ ಆಸೆಯಿದ್ದರೆ, ಕೊಳ್ಳುವ ಮುನ್ನ ಗ್ರಾಹಕಕ್ಕೆ ಆ ಸಾಮರ್ಥ್ಯವಿದೆಯೇ ಎಂದು ವಿಚಾರಿಸಿ. ಮೊದಲ ಏಳು ಉಪಗ್ರಹಗಳು ಅಗ್ಗದ ಗ್ರಾಹಕಗಳು ಕೇಳುವ ಅಲೆಯಲ್ಲಿ ಮಾತನಾಡುವುದಿಲ್ಲ. ಅಪ್ಪಣೆಯಿಲ್ಲದೆ ಕಾಡಿನೊಳಕ್ಕೆ ಹೋಗಬೇಡಿ. ಗುಡುಗಿನ ಮೋಡವು ಕಂಡರೆ ಬೆಟ್ಟದ ತುದಿಯಿಂದ ಕೂಡಲೇ ಇಳಿದುಬಿಡಿ. ಆ ಬೆಟ್ಟದ ದೇವರ ಹೆಸರು ಕಾರಣವಿಲ್ಲದೆ ಬಂದುದಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಯಂತ್ರವು ಒಂದು ಸಂಖ್ಯೆಯನ್ನು ತೋರಿಸಿದಾಗ ಎರಡು ಪ್ರಶ್ನೆಗಳನ್ನು ಕೇಳಿರಿ: ಇದನ್ನು ಯಾವ ಸೊನ್ನೆಯಿಂದ ಅಳೆಯಲಾಯಿತು? ಇದರಲ್ಲಿ ಎಷ್ಟು ತಪ್ಪಿರಬಹುದು? ಬೆಟ್ಟದ ಬುಡದಲ್ಲಿಯೂ ಓದನ್ನು ಬರೆದಿಟ್ಟುಕೊಂಡಿದ್ದ ಆ ವಿದ್ಯಾರ್ಥಿನಿಯೂ, ಹೊಲವನ್ನು ಮತ್ತೆ ಮೂರು ಸಲ ಸುತ್ತಿದ ಆ ಹುಡುಗನೂ ಈ ಪ್ರಶ್ನೆಗಳಿಗೆ ತಾವೇ ಉತ್ತರವನ್ನು ಹುಡುಕಿಕೊಂಡರು. ಮುಂದಿನ ರಜೆಯಲ್ಲಿ ಓದುಗರೂ ಹಾಗೆ ಮಾಡಲೆಂದು ನಾವು ಹಾರೈಸುತ್ತೇವೆ.